90 ಪರ್ಸೆಂಟಿಗೆ ಕೊಟ್ಟ ಮಾತು, ಮನೆಗೆ ಬಂದ ಮೊದಲ ಕಾರು

ನನ್ನ ಬಳಿ ಆಪ್ತಸಲಹೆಗೆ ಬಂದ ಒಂದು ಕುಟುಂಬದ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಬಂದವರು ಮೂವರು. ತಂದೆ, ತಾಯಿ, ಈಚೆಗಷ್ಟೇ 18 ತುಂಬಿದ ಮಗ. ಮೈಸೂರಿನವರು. ತಂದೆಗೆ ಹಾರ್ಡ್‌ವೇರ್ ಅಂಗಡಿ, ತಾಯಿ ಶಾಲೆಯಲ್ಲಿ ಟೀಚರ್. ಮಗ ಸೆಕೆಂಡ್ ಪಿಯುಸಿ ಮುಗಿಸಿ ಊರಾಚೆಯ ಇಂಜಿನಿಯರಿಂಗ್ ಕಾಲೇಜಿಗೆ ಸೇರುವವನಿದ್ದ. ಅಪ್ಪ-ಮಗನ ನಡುವೆ ಕೆಲವು ವಾರಗಳಿಂದ ಮಾತಿಲ್ಲ. "ಊಟಕ್ಕೆ ಬಾ ಅಂತ ಹೇಳು", "ಬೇಡ ಅಂತ ಹೇಳು", ಎಲ್ಲಾ ತಾಯಿಯ ಮೂಲಕವೇ. ಅವರಿಗೆ ಸಾಕಾಗಿಹೋಗಿತ್ತು.

ಜಗಳ ಕಾರಿನದ್ದು. ಪಿಯುಸಿಯಲ್ಲಿ 90 ದಾಟಿದರೆ ನೀನು ಕೇಳಿದ ಕಾರು ಕೊಡಿಸ್ತೀನಿ ಅಂತ ತಂದೆ ಎರಡು ವರ್ಷದ ಹಿಂದೆ ಮಾತು ಕೊಟ್ಟಿದ್ದರು. ಹುಡುಗ 92 ತೆಗೆದ. ಕೇಳಿದ್ದು 2015ರ ಮಾಡೆಲ್‌ನ ಒಂದು ದೊಡ್ಡ ಡೀಸೆಲ್ ಎಸ್‌ಯುವಿ. ಮೂರನೇ ಓನರ್, ಆರೂವರೆ ಲಕ್ಷ. ತಂದೆ ಮೊದಲು ಹೂಂ ಅಂದರು, ಆಮೇಲೆ ಹೆದರಿದರು. ಸಾಲದ ಕಂತು ಲೆಕ್ಕ ಹಾಕಿ ಇನ್ನೂ ಹೆದರಿದರು. ತಾಯಿಯದು ಒಂದೇ ಮಾತು, "ಕಾರೇ ಬೇಡ ಮೇಡಂ." ಅವರ ತಮ್ಮ ಹತ್ತೊಂಬತ್ತನೇ ವಯಸ್ಸಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ.

ಹುಡುಗನ ಹತ್ತಿರ ಒಬ್ಬನೇ ಇದ್ದಾಗ ಮಾತಾಡಿದೆ. ಫೋನ್ ತೆಗೆದು ಆ ಕಾರಿನ ಫೋಟೋ ತೋರಿಸಿದ. ಕಪ್ಪು ಬಣ್ಣ, ಅಲಾಯ್ ವೀಲ್, ಮುಂದೆ ಎಕ್ಸ್‌ಟ್ರಾ ಲೈಟು. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್, ಎಷ್ಟು ಟಾರ್ಕ್, ಎಲ್ಲಾ ಬಾಯಿಪಾಠ. "ಏರ್‌ಬ್ಯಾಗ್ ಇದೆಯಾ?" ಅಂತ ಕೇಳಿದೆ. ಸುಮ್ಮನಾದ. ಫೋಟೋ ದೊಡ್ಡದು ಮಾಡಿ ಸ್ಟೀರಿಂಗ್ ಮೇಲೆ ಅಕ್ಷರ ಹುಡುಕಿದ. ಇರಲಿಲ್ಲ. ಅದು ಕೆಳಗಿನ ವೇರಿಯಂಟ್. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರ ಜುಲೈನಲ್ಲಿ. ಅದಕ್ಕೂ ಮುಂಚಿನ ಗಾಡಿ ಎಷ್ಟೇ ದೊಡ್ಡದಿರಲಿ, ಎಷ್ಟೇ ಗತ್ತಾಗಿ ಕಾಣಲಿ, ಏರ್‌ಬ್ಯಾಗ್ ಇದ್ದೇ ಇರುತ್ತದೆ ಅಂತ ನಂಬುವ ಹಾಗಿಲ್ಲ.

"ಈ ಕಾರೇ ಯಾಕೆ?" ಅಂದೆ. ಉತ್ತರ ಬರಲು ಹೊತ್ತಾಯಿತು. "ಎಲ್ಲರನ್ನೂ ಕೂರಿಸಿಕೊಂಡು ಬೆಂಗಳೂರಿಗೆ ಹೋಗಬೇಕು. ಫ್ರೆಂಡ್ಸ್‌ಗೆ ಹೇಳಿಯೂ ಆಗಿದೆ." ಸ್ವಲ್ಪ ತಡೆದು, "ನಾನು ಓದಿ ಸಂಪಾದಿಸಿದ್ದು ಮೇಡಂ, ಅಪ್ಪ ಈಗ ಕಂಡಿಷನ್ ಹಾಕ್ತಿದ್ದಾರೆ" ಅಂದ. ಕೊನೆಯ ಮಾತು ಹೇಳುವಾಗ ಅವನ ಕಣ್ಣು ತುಂಬಿತ್ತು.

ಇಡೀ ಪ್ರಕರಣದ ಗಂಟು ಇಲ್ಲಿಯೇ ಇತ್ತು. ಬಹುಮಾನವಾಗಿ ಕೊಟ್ಟ ವಸ್ತುವಿಗೆ ನಿಯಮ ಹಾಕಲು ಬರುವುದಿಲ್ಲ. ಗೆದ್ದವನು ಅದನ್ನು ತನ್ನದು ಅಂದುಕೊಳ್ಳುತ್ತಾನೆ, ಹಾಗೆ ಅಂದುಕೊಳ್ಳುವುದು ನ್ಯಾಯವೂ ಹೌದು. ಆದರೆ ಕಾರು ಅಂಥ ವಸ್ತು ಅಲ್ಲ. ಅದನ್ನು ಓಡಿಸುವುದು ಮೆಲ್ಲಗೆ ಕಲಿಯಬೇಕಾದ ಕೆಲಸ. ಮೊದಲ ವರ್ಷವಂತೂ ಯಾವಾಗ, ಎಲ್ಲಿಗೆ, ಯಾರ ಜೊತೆ ಅನ್ನುವ ಮಿತಿ ಇರಲೇಬೇಕು. ಮಾರ್ಕ್ಸಿಗೆ ಕಾರು ಅಂತ ಮಾತು ಕೊಟ್ಟ ದಿನವೇ ಆ ಮಿತಿ ಹಾಕುವ ಹಕ್ಕನ್ನು ತಂದೆ ತಮಗೆ ಗೊತ್ತಿಲ್ಲದೆ ಬಿಟ್ಟುಕೊಟ್ಟಿದ್ದರು. ರಿಸಲ್ಟ್ ಬರುವ ಕಾಲದಲ್ಲಿ ಇಂಥ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ದಯವಿಟ್ಟು ಕೊಡಬೇಡಿ. ಲ್ಯಾಪ್‌ಟಾಪ್ ಕೊಡಿಸಿ, ಪ್ರವಾಸಕ್ಕೆ ಕಳಿಸಿ, ಕಾರನ್ನು ಮಾತ್ರ ಪಂದ್ಯಕ್ಕೆ ಇಡಬೇಡಿ.

ಹಾಗಂತ ಕೊಟ್ಟ ಮಾತು ಮುರಿಯಿರಿ ಅಂತಲೂ ನಾನು ಹೇಳಲಿಲ್ಲ. ಓದಿದ ಮಗನಿಗೆ ಅದು ಮೋಸ. ಮಾತನ್ನು ಎರಡು ಭಾಗ ಮಾಡೋಣ ಅಂದೆ. ಕಾರು ಬರುತ್ತದೆ, ಆದರೆ ತಂದೆಯ ಹೆಸರಿನಲ್ಲಿ, ಮನೆಯ ಕಾರಾಗಿ. ಮಗನ ದುಡಿಮೆಗೆ ಬಹುಮಾನ ಬೇರೆ. ಅದನ್ನು ಅವನೇ ಕೇಳಲಿ, ಅದಕ್ಕೆ ಯಾವ ಷರತ್ತೂ ಬೇಡ. ಮುಂದಿನ ಭೇಟಿಯಲ್ಲಿ ತಂದೆ ಮಗನ ಮುಖ ನೋಡಿಯೇ ಹೇಳಿದರು: "ಯೋಚನೆ ಮಾಡದೆ ಮಾತು ಕೊಟ್ಟೆ ಮಗಾ. ನೀನು ಓದಿದ್ದು ಸುಳ್ಳಲ್ಲ. ಆದ್ರೆ ಕಾರು ಹಂಗೆ ಕೊಡೋದಲ್ಲ." ಹುಡುಗ ಸಿಟ್ಟಿನಲ್ಲೇ ಕೇಳಿಸಿಕೊಂಡ. ಮೂರು ದಿನ ಬಿಟ್ಟು ಒಳ್ಳೆ ಕ್ಯಾಮೆರಾ ಕೇಳಿದನಂತೆ. ಅವನಿಗೆ ಫೋಟೋ ತೆಗೆಯುವ ಹುಚ್ಚಿದೆ ಅನ್ನುವುದು ತಂದೆಗೆ ಗೊತ್ತೇ ಇರಲಿಲ್ಲ.

ನಡುವೆ ಇನ್ನೊಂದು ವಿಷಯ ಹೊರಬಂತು. ಹುಡುಗ 16ನೇ ವಯಸ್ಸಿನಿಂದ ಅಮ್ಮನ ಸ್ಕೂಟರಿನಲ್ಲೇ ಟ್ಯೂಷನ್‌ಗೆ ಹೋಗುತ್ತಿದ್ದ. ಕೀ ಕೊಟ್ಟವರು, ಈಗ ಕಾರೇ ಬೇಡ ಅನ್ನುವ ತಾಯಿಯೇ. "ಹತ್ತಿರ ತಾನೇ ಅಂತ" ಅಂದರು. ನಾನು ಸುತ್ತಿ ಬಳಸಿ ಹೇಳಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ 18 ತುಂಬದ ಮಗು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಓನರ್‌ಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗುವಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ಈ ಹುಡುಗ ಸಿಕ್ಕಿಬಿದ್ದಿರಲಿಲ್ಲ, ಅಷ್ಟೇ. ಆಗಷ್ಟೇ ಎಲ್‌ಎಲ್‌ಆರ್ (ಕಲಿಯುವವರ ಲೈಸನ್ಸ್) ಕೈಗೆ ಬಂದಿತ್ತು. ಅದಾಗಿ 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್. ಅಲ್ಲಿಯವರೆಗೆ ಕಾರಿಗೆ ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಇರಬೇಕು, ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಬೇಕು. ಲೈಸನ್ಸ್ ಇಲ್ಲದವರು ಓಡಿಸಿ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು, ಪರಿಹಾರದ ಹೊರೆ ಓನರ್ ತಲೆ ಮೇಲೆ ಬರಬಹುದು. ಅಂದರೆ ತಂದೆಯ ಅಂಗಡಿ ಮೇಲೆ.

ಆಮೇಲೆ ಯಾವ ಕಾರು ಅನ್ನುವ ಪ್ರಶ್ನೆ. ನಾನು ಕಾರಿನ ತಜ್ಞೆ ಅಲ್ಲ, ಆದರೆ ಹೊಸದಾಗಿ ಓಡಿಸುವವರಿಗೆ ಎಂಥ ಕಾರು ಬೇಕು ಅನ್ನುವುದಕ್ಕೆ ತಜ್ಞತೆ ಜಾಸ್ತಿ ಬೇಕಾಗಿಲ್ಲ. ಮಿತಿ ಅಪ್ಪ-ಅಮ್ಮ ಹಾಕಲಿ, ಆ ಮಿತಿಯೊಳಗೆ ಆಯ್ಕೆ ಪೂರ್ತಿ ಮಗನದು ಅಂತ ಮಾತಾಯಿತು. ಸಾಲ ಇಲ್ಲ, ನಾಲ್ಕೂವರೆ ಲಕ್ಷದೊಳಗೆ. ಪೆಟ್ರೋಲ್. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿಸಲು ಡೀಸೆಲ್ ಯಾಕೆ? ಇಂಜಿನ್ 1.2 ಲೀಟರ್ ಮೀರಬಾರದು. ಮೊದಲ ಓನರ್. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್, ಜೊತೆಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಎಬಿಎಸ್ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗೂ ಕಡ್ಡಾಯ ಆದದ್ದು 2021ರ ಕೊನೆಯಲ್ಲಿ. ಅದಕ್ಕಿಂತ ಹಳೆಯದಾದರೆ ಆ ವೇರಿಯಂಟಿನಲ್ಲಿ ಇದೆಯೋ ಇಲ್ಲವೋ ನೋಡಿಯೇ ಮುಂದುವರಿಯಬೇಕು.

ಕಾರನ್ನು ಗುದ್ದಿಸಿ ಎಷ್ಟು ಸುರಕ್ಷಿತ ಅಂತ ನೋಡುವ ಕ್ರ್ಯಾಶ್ ಟೆಸ್ಟಿನ ಸ್ಟಾರ್ ನೋಡುವುದನ್ನು ಹುಡುಗ ತಾನೇ ಕಲಿತ. ನಮ್ಮ ದೇಶದ್ದೇ ಆದ ಇಂಥ ಟೆಸ್ಟ್, ಭಾರತ್ ಎನ್‌ಕ್ಯಾಪ್, ಶುರುವಾದದ್ದು 2023ರಲ್ಲಿ. ಅದಕ್ಕೂ ಮುಂಚಿನ ಕಾರುಗಳಿಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ವಿದೇಶಿ ಸಂಸ್ಥೆಯ ಫಲಿತಾಂಶ ನೋಡಬೇಕು. ಟಾಟಾ ಟಿಯಾಗೊಗೆ 2020ರಲ್ಲಿ ನಾಲ್ಕು ಸ್ಟಾರ್, ಅದೇ ವರ್ಷ ಆಲ್ಟ್ರೋಜ್‌ಗೆ ಐದು ಅಂತ ಬರೆದುಕೊಂಡು ಬಂದಿದ್ದ. ಸಣ್ಣ ಕಾರೆಲ್ಲ ಡಬ್ಬ ಅನ್ನುತ್ತಿದ್ದವನ ಕೈಯಲ್ಲಿ ಈಗ ಸಣ್ಣ ಕಾರುಗಳದೇ ಪಟ್ಟಿ. ದೊಡ್ಡ ಗಾಡಿ ಕಾಪಾಡುತ್ತದೆ ಅನ್ನುವ ಧೈರ್ಯ ತಂದೆಯಲ್ಲೂ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ತೀರಿಕೊಂಡಾಗ ಅವರು ಕೂತಿದ್ದದ್ದು ದುಬಾರಿ ಕಾರಿನಲ್ಲೇ. ಹಿಂದಿನ ಸೀಟು, ಬೆಲ್ಟ್ ಹಾಕಿರಲಿಲ್ಲ. ಇದನ್ನು ಹೇಳಿದಾಗ ಮಗ ಥಟ್ಟನೆ ಅಪ್ಪನ ಕಡೆ ತಿರುಗಿ, "ನೀವು ಅಂಗಡಿ ಗಾಡೀಲಿ ಬೆಲ್ಟ್ ಹಾಕಿದ್ದು ನಾನು ನೋಡೇ ಇಲ್ಲ" ಅಂದ. ತಂದೆ ತಲೆ ತಗ್ಗಿಸಿದರು. ಒಳ್ಳೆಯ ಮಾತು ಅದು, ನಾನು ತಡೆಯಲಿಲ್ಲ.

ಕಾರು ನೋಡುವ ಕೆಲಸ ಪೂರ್ತಿ ಹುಡುಗನಿಗೆ ಬಿಟ್ಟೆವು, ಜೊತೆಗೆ ಪರಿಚಯದ ಮೆಕ್ಯಾನಿಕ್. ಬೆಂಗಳೂರಿನ ನೋಂದಣಿಯ ಒಂದು 2021ರ ಕಾರು ಎಲ್ಲರಿಗೂ ಇಷ್ಟವಾಗಿತ್ತು. ಹೊಳೆಯುತ್ತಿತ್ತು, ರೇಟೂ ಕಮ್ಮಿ. ಹುಡುಗ ಹಿಂದಿನ ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡಿದ. ಅರ್ಧದಿಂದಾಚೆಗೆ ಬೇರೆ ಬಣ್ಣ, ನೀರು ನಿಂತ ಗೆರೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದರೆ ಗುಂಡಿಯಲ್ಲಿ ಒಣಗಿದ ಕೆಸರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್ ಮುಳುಗಿದ್ದು ನೆನಪಿದೆಯಲ್ವಾ? ಈ ಕಾರೂ ಎಲ್ಲೋ ನೀರು ಕುಡಿದಿತ್ತು. ಏರ್‌ಬ್ಯಾಗಿನ ವೈರಿಂಗ್ ನಂಬುವಂತಿಲ್ಲ ಅಂದರು ಮೆಕ್ಯಾನಿಕ್. ಹುಡುಗನೇ ಬೇಡ ಅಂದ. ಎಷ್ಟೋ ಸಲ ಬುದ್ಧಿ ಹೇಳಿದರೂ ಆಗದ್ದು ಆ ಬೆಲ್ಟಿನ ಗೆರೆಯಿಂದ ಆಯಿತು ಅಂತ ನನ್ನ ಅನಿಸಿಕೆ. ತಾನು ಹುಷಾರಾಗಿರಬಲ್ಲೆ ಅನ್ನುವುದನ್ನು ಅವನು ಅಪ್ಪನಿಗೆ ತೋರಿಸಿದ, ತನಗೂ ತೋರಿಸಿಕೊಂಡ.

ಕೊನೆಗೆ ತಂದದ್ದು 2020ರ ಟಿಯಾಗೊ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ, ನಾಲ್ಕೂ ಟೈರ್ ಹಳೆಯವು ಅಂತ ತೋರಿಸಿ ರೇಟು ಇಳಿಸಿದವನೂ ಅವನೇ. ಬಾಕಿ ಚಲನ್ ನೋಡಿದ್ದಾಯಿತು, ಆರ್‌ಸಿ ಜೊತೆಗೆ 14 ದಿನದೊಳಗೆ ಇನ್ಶೂರೆನ್ಸನ್ನೂ ತಂದೆಯ ಹೆಸರಿಗೆ ಮಾಡಿಸಿದ್ದಾಯಿತು. ಇದನ್ನು ತುಂಬಾ ಜನ ಮರೆಯುತ್ತಾರೆ.

ಓಡಿಸುವ ನಿಯಮಗಳಿಗೆ ಮಾತ್ರ ಜಾಸ್ತಿ ಸಮಯ ಹಿಡಿಯಿತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹದಿಹರೆಯದ ಹೊಸ ಚಾಲಕರು ರಾತ್ರಿ ಓಡಿಸುವುದಕ್ಕೂ ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ಕಾನೂನಿನಲ್ಲೇ ಮಿತಿ ಇದೆ. ನಮ್ಮಲ್ಲಿ ಡಿಎಲ್ ಬಂದ ಮಾರನೇ ದಿನವೇ ನಾಲ್ಕು ಜನ ಗೆಳೆಯರ ಜೊತೆ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಬಹುದು. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆದ ವರ್ಷ ಎಷ್ಟು ಸಾವು ಕಂಡೆವು ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಕಾನೂನು ಹಾಕದ ಮಿತಿಯನ್ನು ಮನೆಯೇ ಹಾಕಿಕೊಳ್ಳಬೇಕು.

ಒಂದು ಹಾಳೆಯಲ್ಲಿ ಬರೆದರು, ಮೂವರೂ ಸಹಿ ಹಾಕಿದರು. ಡಿಎಲ್ ಬಂದ ಮೇಲೂ ಮೂರು ತಿಂಗಳು ಪಕ್ಕದಲ್ಲಿ ದೊಡ್ಡವರು. ಆರು ತಿಂಗಳು ಒಬ್ಬನೇ ಗೆಳೆಯ. ರಾತ್ರಿ ಒಂಬತ್ತರ ಮೇಲೆ ಇಲ್ಲ. ಎಕ್ಸ್‌ಪ್ರೆಸ್‌ವೇಗೆ ಮೊದಲು ಅಪ್ಪನ ಜೊತೆ, ಹಗಲಲ್ಲಿ. ಫೋನ್ ಡ್ಯಾಶ್‌ಬೋರ್ಡ್ ಖಾನೆಯೊಳಗೆ. ಎಲ್ಲರೂ ಬೆಲ್ಟ್ ಹಾಕದೆ ಗಾಡಿ ಕದಲುವುದಿಲ್ಲ. ದಂಡ ಬಿದ್ದರೆ ಅವನ ಪಾಕೆಟ್ ಮನಿಯಿಂದ. ನಾನು ಹಟ ಹಿಡಿದು ಸೇರಿಸಿದ ಸಾಲು ಒಂದಿದೆ: ಓಡಿಸುವ ಸ್ಥಿತಿಯಲ್ಲಿ ಇಲ್ಲ ಅನಿಸಿದರೆ, ಅಥವಾ ಕುಡಿದವನೊಬ್ಬ ಓಡಿಸುವ ಗಾಡಿ ಹತ್ತಬೇಕಾಗಿ ಬಂದರೆ, ಎಷ್ಟು ಹೊತ್ತಾದರೂ ಫೋನ್ ಮಾಡಬೇಕು. ಅಪ್ಪ ಬಂದು ಕರೆದುಕೊಂಡು ಹೋಗುತ್ತಾರೆ, ಆ ರಾತ್ರಿ ಒಂದು ಮಾತೂ ಬೈಯುವುದಿಲ್ಲ. ತಂದೆಗೆ ಇದು ಕಷ್ಟವಾಯಿತು. "ಬೈಯದೇ ಹೆಂಗೆ ಇರೋದು?" ಅಂದರು. ಬೈಗುಳಕ್ಕೆ ಹೆದರಿ ಫೋನ್ ಮಾಡದ ಮಕ್ಕಳ ಮನೆಯವರು ಆಮೇಲೆ ನನ್ನ ಮುಂದೆ ಬಂದು ಕೂತಿದ್ದಾರೆ ಅಂತ ಹೇಳಿದೆ. ಸಹಿ ಹಾಕಿದರು. ಬೆಲ್ಟ್ ಸಾಲಿನ ಕೆಳಗೆ "ಅಂಗಡಿ ಗಾಡಿಗೂ" ಅಂತ ತಾವೇ ಬರೆದರು.

ಹಾಳೆಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು ಅನ್ನುವುದೂ ಅದರಲ್ಲೇ ಇದೆ. ಮೊದಲ ಸಲ ನೋಡಿದಾಗ ರಾತ್ರಿಯ ಹೊತ್ತನ್ನು ಹತ್ತಕ್ಕೆ ಏರಿಸಿದರು. ಗೆಳೆಯರ ಸಂಖ್ಯೆ ಬದಲಾಗಲಿಲ್ಲ, ಹುಡುಗನಿಗೆ ಅದರ ಬೇಸರ ಇನ್ನೂ ಇದೆ. ಬೆಂಗಳೂರಿಗೆ ಗೆಳೆಯರೆಲ್ಲ ರೈಲಿನಲ್ಲಿ ಹೋಗಿ ಬಂದರು. ತಾಯಿ ಈಗ ಮಗನ ಪಕ್ಕದಲ್ಲಿ ಕೂತು ಶಾಲೆಗೆ ಹೋಗುತ್ತಾರೆ, ಆದರೆ ಅವನು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಕೈಕಾಲು ನಡುಗುತ್ತದೆ ಅನ್ನುತ್ತಾರೆ. ಅದು ಕಾರಿನಿಂದ ಬಗೆಹರಿಯುವ ವಿಷಯ ಅಲ್ಲ. ತಮ್ಮನ ಸಾವಿನ ಬಗ್ಗೆ ಮಾತಾಡಲು ಅವರು ಈಗ ಒಬ್ಬರೇ ಬರುತ್ತಿದ್ದಾರೆ.