ಫಿಸಿಯೋ ನಡೆಯುತ್ತಿರುವಾಗ ಆಕ್ಯುಪೇಷನಲ್ ಥೆರಪಿ ಯಾಕೆ?

ಸ್ಟ್ರೋಕ್ ಆಗಿ ಅಪ್ಪನ ಎಡಭಾಗಕ್ಕೆ ಶಕ್ತಿ ಇಲ್ಲ, ಫಿಸಿಯೋಥೆರಪಿ ನಡೆಯುತ್ತಿದೆ, ಈಗ ಡಾಕ್ಟರು ಆಕ್ಯುಪೇಷನಲ್ ಥೆರಪಿಗೂ ಹೋಗಿ ಅಂದಿದ್ದಾರೆ, ಎರಡೂ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ ಮಾರಾಯ್ರೆ. ಚೀಟಿಯಲ್ಲಿ ಆಕ್ಯುಪೇಷನಲ್ ಥೆರಪಿಯನ್ನು ಚಿಕ್ಕದಾಗಿ ‘ಓಟಿ’ ಅಂತ ಬರೆದದ್ದು ನೋಡಿ, ಆಪರೇಷನ್ ಥಿಯೇಟರ್ ಅಂದುಕೊಂಡು, ಅಮ್ಮನಿಗೆ ಆಪರೇಷನ್ ಅಂತ ತಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ.

ನಮ್ಮ ಮನೆ ಉಡುಪಿಯ ಶಂಕರಪುರದ ಹತ್ತಿರ. ಸ್ಟ್ರೋಕ್ ಆಗಿ ಅಮ್ಮನ ಬಲಗೈ, ಬಲಗಾಲು ಸೋತಿತ್ತು. ಫಿಸಿಯೋದವರು ಮಂಚದಲ್ಲಿ ಹೊರಳುವುದು, ಎದ್ದು ಕೂರುವುದು, ಸೋತ ಕಾಲಿನ ಮೇಲೆ ತೂಕ ಹಾಕುವುದು ಎಲ್ಲ ಕಲಿಸಿದರು. ಕೋಲನ್ನು ಸರಿಯಿರುವ ಕೈಯಲ್ಲಿ ಹಿಡಿಸಿದರು, ನಾವು ಅಷ್ಟು ದಿನ ಉಲ್ಟಾ ಹಿಡಿಸಿದ್ದೆವು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಎರಡು ತಿಂಗಳಲ್ಲಿ ಅಮ್ಮ ಜಗಲಿಯವರೆಗೆ ನಡೆದರು.

ಆದರೆ ಬಚ್ಚಲಿಗೆ ನಡೆದು ಹೋದರೂ ಚೊಂಬು ಎತ್ತಲು ಆಗುತ್ತಿರಲಿಲ್ಲ. ಉಣ್ಣುವುದು, ಸ್ನಾನ, ಬಟ್ಟೆ ಹಾಕುವುದು ಹೀಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಓಟಿಯ ಕೆಲಸ ಅಲ್ಲಿಂದ ಶುರು. ಮಣಿಪಾಲದಲ್ಲಿ ಮೊದಲ ದಿನ ಥೆರಪಿಸ್ಟ್ ಹುಡುಗಿ ವ್ಯಾಯಾಮವನ್ನೇ ಮಾಡಿಸಲಿಲ್ಲ. “ಅಮ್ಮ, ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?” ಅಂತ ಕೇಳುತ್ತಾ ಕೂತರು. ನನಗೆ ಸಿಟ್ಟು ಬಂತು, ಇಷ್ಟು ದೂರ ಬಂದದ್ದು ಪಟ್ಟಾಂಗಕ್ಕಾ ಅಂತ. ಅಮ್ಮ ತೊದಲುತ್ತಾ “ಮಲ್ಲಿಗೆ ಕಟ್ತಿದ್ದೆ” ಅಂದರು. ಅದನ್ನೇ ಗುರಿ ಅಂತ ಬರೆದುಕೊಂಡರು. ಮೊದಲು ಬಟ್ಟೆ ಕ್ಲಿಪ್ ಹಾಕಿ ತೆಗೆಯುವುದು, ಆಮೇಲೆ ದಪ್ಪ ನೂಲಿನಲ್ಲಿ ಕಾಗದದ ಸುರುಳಿ ಕಟ್ಟುವುದು, ಕೊನೆಗೆ ಬಾಳೆನಾರು. ಆ ಬೆರಳುಗಳು ಚೆಂಡು ಹಿಸುಕಲು ಒಲ್ಲೆ ಅನ್ನುತ್ತಿದ್ದವು, ಮೊಗ್ಗು ಕಂಡರೆ ಹಟ ಹಿಡಿಯುತ್ತಿದ್ದವು. (ಅಂದಹಾಗೆ, ನೆಂಟರು ತಂದುಕೊಡುವ ಆ ರಬ್ಬರ್ ಚೆಂಡು ಎಲ್ಲರಿಗೂ ಆಗುವುದಿಲ್ಲ. ಅಪ್ಪನ ಕೈ ಬಿಗಿದು ಮುಷ್ಟಿ ಕಟ್ಟುತ್ತಿದ್ದರೆ ಥೆರಪಿಸ್ಟ್ ಹತ್ತಿರ ಕೇಳಿಯೇ ಕೊಡಿ.)

ಉಳಿದದ್ದೆಲ್ಲ ಸಣ್ಣ ಸಣ್ಣ ಉಪಾಯ. ಗಂಜಿ ಉಣ್ಣಲು ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು. ಬಟ್ಟಲಿನ ಅಡಿಗೆ ಒದ್ದೆ ಬಟ್ಟೆ, ಜಾರುವುದಿಲ್ಲ. ರವಿಕೆ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಮನೆಯ ಫೋಟೋ ನೋಡಿ ಬಚ್ಚಲಿಗೆ ಹಿಡಿಕೆ ಹಾಕಿಸಿ, ಕಾಲೊರಸು ತೆಗೆದುಬಿಡಿ, ಹೊಸಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ ಅಂದರು. ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ, ನೀರು ಬಿದ್ದರೆ ನಮ್ಮ ಕಾಲೇ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಅಂಗಳದ ಪಾಚಿಯಂತೂ ಕೇಳಬೇಡಿ.

ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ. ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆದೆ. ಹಿಡಿದಿಡುವ ಸ್ನಾಯುಗಳೇ ಸಡಿಲವಾಗಿರುವುದರಿಂದ ಭುಜದ ಕೀಲು ಜಾರುತ್ತದೆ. ಅಮ್ಮ ತಿಂಗಳುಗಟ್ಟಲೆ ಭುಜ ನೋವು ಅನುಭವಿಸಿದರು. ಇನ್ನೊಂದು, ಪ್ರೀತಿಯಿಂದ ಎಲ್ಲವನ್ನೂ ನಾನೇ ಮಾಡಿಕೊಟ್ಟೆ. ತಲೆ ಬಾಚಲು ಅವರಿಗೆ ಇಪ್ಪತ್ತು ನಿಮಿಷ ಬೇಕಿತ್ತು, ನನಗೆ ಎರಡು. ಬಳಸದ ಕೈಯನ್ನು ಮಿದುಳು ಮರೆಯುತ್ತಾ ಹೋಗುತ್ತದೆ ಅಂತ ಥೆರಪಿಸ್ಟ್ ಬೈದ ಮೇಲೆ ಬಾಚಣಿಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದೆ. ನೋಡಿಕೊಂಡು ಸುಮ್ನೆ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ದುಡ್ಡಿನ ಚಿಂತೆ ಸಹಜ. ನಾವು ಫಿಸಿಯೋ ಮನೆ ಹತ್ತಿರವೇ ಮಾಡಿಸಿ, ಓಟಿಗೆ ವಾರಕ್ಕೊಮ್ಮೆ ಹೋಗಿ, ಉಳಿದ ದಿನಕ್ಕೆ ಮನೆಯಲ್ಲಿ ಮಾಡುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಬರುತ್ತಿದ್ದೆವು. ಫಿಸಿಯೋ ಎಲ್ಲ ಕಡೆ ಸಿಗುತ್ತದೆ, ಓಟಿ ಕಡಿಮೆ. ಆದರೆ ಮುಂದೂಡಬೇಡಿ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಜಾಸ್ತಿ, ಆಮೇಲೆ ನಿಧಾನ, ಹಾಗಂತ ನಿಲ್ಲುವುದಿಲ್ಲ.

ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ನೀವು ಬರೆದಿಲ್ಲ. ಥೆರಪಿಸ್ಟ್ ಹತ್ತಿರ ಮೊದಲು ಅದನ್ನು ಹೇಳಿ. ಬಚ್ಚಲು, ಮೆಟ್ಟಿಲು, ಅವರು ಮಲಗುವ ಮಂಚ ಮೂರರ ಫೋಟೋವನ್ನೂ ತಗೊಂಡು ಹೋಗಿ.