ಮನೆ ಬಾಗಿಲಿಗೆ ಸರ್ವೆಯವರು ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ಹೋದ ವರ್ಷ ಯಾವುದೋ ಕಾಲೇಜಿನ ಹುಡುಗ ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಏನು ಅಡುಗೆ, ಎಷ್ಟು ದುಡಿಮೆ, ಶೌಚಾಲಯ ಇದೆಯಾ, ಮುಟ್ಟು ಸರಿಯಾಗಿ ಆಗುತ್ತಾ ಅಂತ ಒಂದು ಗಂಟೆ ಕೇಳಿದರು. ಅತ್ತೆಯವರ ರಕ್ತ ತೆಗೆದರು, ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ. ಇನ್ನೊಂದು ಸಲ ಬಂದರೆ ಒಳಗೆ ಬಿಡಬೇಕಾ?
- ಗೃಹಿಣಿ, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾಗಿದೆ. ರಕ್ತ ಕೊಟ್ಟ ಮೇಲೆ ಅದರಲ್ಲಿ ಏನು ಕಂಡಿತು ಅಂತ ತಿಳಿಯುವ ಹಕ್ಕು ಅತ್ತೆಯವರಿಗೆ ಇದೆ. ಆ ಹಾಳೆ ಒಪ್ಪಿಗೆ ಪತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ತಂದ ಮಾರ್ಗಸೂಚಿ ಪ್ರಕಾರ ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಓದಲು ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಬರೆದಿರಬೇಕು, ಒಂದು ಪ್ರತಿ ನಿಮ್ಮ ಕೈಗೂ ಸಿಗಬೇಕು. ಅರ್ಧ ಪ್ರಶ್ನೆ ಆದ ಮೇಲೂ 'ಸಾಕು, ನನಗೆ ಇಷ್ಟವಿಲ್ಲ' ಅಂತ ಎದ್ದು ಹೋಗಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಆದರೂ ಬಾಗಿಲು ಹಾಕಬೇಡಿ ಅಂತಲೇ ನಾನು ಕೇಳಿಕೊಳ್ಳುತ್ತೇನೆ. ಯಾಕೆ ಅಂದರೆ, ಮೈಸೂರಿನ ಮಿಷನ್ ಆಸ್ಪತ್ರೆ ಗೊತ್ತಲ್ವಾ, ಹೋಲ್ಡ್ಸ್‌ವರ್ತ್ ಆಸ್ಪತ್ರೆ? ಅಲ್ಲಿ 1934ರಿಂದಲೂ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ದಶಕಗಳು ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಇಲ್ಲಿಯ ವೈದ್ಯರೂ ಸೇರಿ, ಆ ಕೂಸುಗಳಲ್ಲಿ ಬೆಳೆದು ನಡುವಯಸ್ಸು ದಾಟಿ ಇನ್ನೂ ಇಲ್ಲೇ ಇದ್ದವರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಜಾಸ್ತಿ ಅಂತ 1996ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಗೆ 1997-98ರಲ್ಲಿ ಬಂದ ಬಸುರಿಯರ ಶುಗರ್ ನೋಡಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಕರೆಸಿ ಅಳೆದರು, ಆ ತಾಯಂದಿರೂ ಮಕ್ಕಳೂ ಬೇಸರವಿಲ್ಲದೆ ಬಂದರು. ಬಸುರಿಯಲ್ಲಿ ಶುಗರ್ ಇದ್ದರೆ ಅದರ ಪೆಟ್ಟು ಹೆರಿಗೆಗೇ ಮುಗಿಯುವುದಿಲ್ಲ, ಮಗುವಿನ ಮೈಗೂ ಹೋಗುತ್ತದೆ ಅನ್ನುವುದು ಇಂಥ ಮನೆಗಳಿಂದಲೇ ತಿಳಿದದ್ದು. ಈ ಹೆಣ್ಣುಮಕ್ಕಳು ಕೊಟ್ಟಿದ್ದು ಸಣ್ಣದಲ್ಲ, ಅವರ ಮೇಲೆ ನನಗೆ ತುಂಬಾ ಗೌರವ.

ಇನ್ನೊಂದು ಸಲ ಬಂದರೆ ಮೊದಲೇ ಕೇಳಿ. ಯಾವ ಕಾಲೇಜು, ಸಂಶೋಧನೆಯಿಂದ ಜನರಿಗೆ ಅನ್ಯಾಯ ಆಗದ ಹಾಗೆ ನೋಡುವ ನೀತಿ ಸಮಿತಿ ಒಪ್ಪಿದೆಯಾ, ರಿಪೋರ್ಟ್ ಯಾವಾಗ ಕೊಡುತ್ತೀರಿ, ಏನಾದರೂ ಜಾಸ್ತಿ ಕಂಡರೆ ಎಲ್ಲಿಗೆ ಕಳಿಸುತ್ತೀರಿ? ನೆಟ್ಟಗೆ ಉತ್ತರ ಕೊಟ್ಟರೆ ಜಗಲಿಯ ಮೇಲೆ ಕೂರಿಸಿ ಮಾತಾಡಿ. ತಡವರಿಸಿದರೆ ಮುಂದಿನ ವಾರ ಬನ್ನಿ ಅನ್ನಿ. ಸದ್ಯಕ್ಕೆ ಅತ್ತೆಯವರ ಬಿಪಿ, ಶುಗರ್, ಹಿಮೋಗ್ಲೋಬಿನ್ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಸಿ, ಹಳೆ ರಿಪೋರ್ಟಿಗೆ ಕಾಯಬೇಡಿ.

ಪ್ರಶ್ನೆ: ಆರೋಗ್ಯದ ಸರ್ವೆಯಲ್ಲಿ ಸಂಬಳ ಯಾಕೆ ಕೇಳುತ್ತಾರೆ? ಹೇಳಿದರೆ ಬಿಪಿಎಲ್ ಕಾರ್ಡ್ ಹೋಗುತ್ತಾ?
- ಓದುಗರು, ಮೈಸೂರು

ಉತ್ತರ: ಕಾರ್ಡಿಗೂ ಅವರಿಗೂ ಸಂಬಂಧವಿಲ್ಲ. ಮನೆಯ ತಿಂಗಳ ಆದಾಯವನ್ನು ತಲೆಗಿಷ್ಟು ಅಂತ ಭಾಗಿಸಿ ಕುಟುಂಬಗಳನ್ನು ಐದು ವರ್ಗ ಮಾಡುವ ಬಿ.ಜಿ. ಪ್ರಸಾದ್ ಅಳತೆ ಅಂತ ಒಂದಿದೆ, 1961ರದು, ಬೆಲೆ ಏರಿದ ಹಾಗೆ ಅದರ ಮೊತ್ತ ಬದಲಿಸುತ್ತಾರೆ. ರೋಗ ಯಾವ ಮನೆಗಳಲ್ಲಿ ಜಾಸ್ತಿ ಅಂತ ತಿಳಿಯಲು ಅದು ಬೇಕು. ಹೇಳಲು ಇಷ್ಟವಿಲ್ಲದಿದ್ದರೆ 'ಅದೊಂದು ಬಿಟ್ಟುಬಿಡಿ' ಅನ್ನಿ, ಸುಮ್ನೆ ಸುಳ್ಳು ಲೆಕ್ಕ ಕೊಡಬೇಡಿ. ಆದರೆ ಒಂದು ಎಚ್ಚರ: ಬ್ಯಾಂಕ್ ಖಾತೆ, ಒಟಿಪಿ ಕೇಳಿದವರು ಆರೋಗ್ಯದ ಸರ್ವೆಯವರಲ್ಲ. ಅಲ್ಲೇ ಮಾತು ನಿಲ್ಲಿಸಿ.

ಪ್ರಶ್ನೆ: ನಾನು ಎಂಬಿಬಿಎಸ್ ವಿದ್ಯಾರ್ಥಿನಿ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯ ನೋಡಿಕೊಳ್ಳುವ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಮಂಡ್ಯ ಹತ್ತಿರದ ಹಳ್ಳಿಗೆ ಹೋಗುತ್ತೇವೆ. 'ಮಾತ್ರೆ ತಂದಿದ್ದೀರಾ' ಅಂತಾರೆ, ಇಲ್ಲ ಅಂದರೆ ಮಾತೇ ಆಡುವುದಿಲ್ಲ. ಏನು ಮಾಡಲಿ?
- ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಅವರು ಮಾತ್ರೆ ಕೇಳುವುದರಲ್ಲಿ ತಪ್ಪಿಲ್ಲ, ಡಾಕ್ಟರ್ ಅಂದ ಮೇಲೆ ಇನ್ನೇನು ಕೇಳುತ್ತಾರೆ? ಮೊದಲ ಸಲ ಆಶಾ ಕಾರ್ಯಕರ್ತೆಯ ಜೊತೆ ಹೋಗಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಬಿಪಿ ಮಾತ್ರೆ ಬಿಟ್ಟಿದ್ದಾರೆ ಅನ್ನುವುದು ಅವರಿಗೆ ಗೊತ್ತು. ಡೈರಿಗೆ ಹಾಲು ಹಾಕುವ ಹೊತ್ತಿಗೆ, ಕಬ್ಬು ಕಡಿಯುವ ದಿನಗಳಲ್ಲಿ ಬಾಗಿಲು ತಟ್ಟಿದರೆ ಯಾರಿಗೆ ಪುರುಸೊತ್ತು ಇರುತ್ತೆ ಹೇಳಿ. ಮುಟ್ಟಿನ ಪ್ರಶ್ನೆಯನ್ನು ಮಾವನವರ ಮುಂದೆ ಸೊಸೆಗೆ ಕೇಳಲೇಬೇಡಿ.

ಊಟದ ಪ್ರಶ್ನೆ ಕೇಳುವಾಗ ಜಾಸ್ತಿ ತಾಳ್ಮೆ ಬೇಕು. 'ನಿನ್ನೆ ಏನು ತಿಂದಿರಿ' ಅಂದರೆ 'ಎರಡು ಮುದ್ದೆ, ಸಾರು' ಅಂತಾರೆ, ನೀವು ಎರಡು ಅಂತ ಬರೆದುಕೊಳ್ಳುತ್ತೀರಿ. ಹೊಲಕ್ಕೆ ಹೋಗುವ ಗಂಡಸಿನ ತಟ್ಟೆಯ ಮುದ್ದೆಗೂ ಕೊನೆಗೆ ಉಣ್ಣುವ ಸೊಸೆಯ ಮುದ್ದೆಗೂ ಗಾತ್ರ ಒಂದೇ ಅಲ್ಲ. ಮುದ್ದೆಯ ಗಾತ್ರ ಕೈಯಲ್ಲಿ ತೋರಿಸಲು ಹೇಳಿ. ಸಾರಿನಲ್ಲಿ ಬೇಳೆ ಇತ್ತಾ, ಬರೀ ತಿಳಿಯಾ, ಸೊಪ್ಪು ಯಾವತ್ತು ಮಾಡಿದ್ದು, ಊಟ ಆದ ತಕ್ಷಣ ಟೀ ಕುಡಿದರಾ ಅಂತಲೂ ಕೇಳಿ, ಟೀ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಸೊಸೆಯ ತಟ್ಟೆ ನೋಡದೆ ಇದಕ್ಕೆ ಕಾರಣ ನಿಮಗೆ ಸಿಗುವುದಿಲ್ಲ.

ಬಿಪಿ ನೋಡುವ ಮುಂಚೆ ಐದು ನಿಮಿಷ ಕೂರಿಸಿ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ನೋಡಿ, ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಯಾವತ್ತು ಹೋಗಬೇಕು ಅಂತ ಹೇಳಿ. ಮುಂದಿನ ಸಲ ಹೋದಾಗ ಮೊದಲು ಕೇಳಬೇಕಾದ್ದು ಆ ಚೀಟಿಯ ಬಗ್ಗೆ. ಹೋಗಿದ್ದರಾ, ಮಾತ್ರೆ ಸಿಕ್ಕಿತಾ, ಬಸ್ಸಿಗೆ ದುಡ್ಡಿರಲಿಲ್ಲವಾ? ಮಾತ್ರೆ ತರದಿದ್ದರೂ ಆಗ ನಿಮ್ಮ ಜೊತೆ ಮಾತಾಡುತ್ತಾರೆ. ಕೆಲಸ ಮುಗಿದ ಮೇಲೆ ಪಂಚಾಯಿತಿಯಲ್ಲಿ ಅರ್ಧ ಗಂಟೆ ಸಮಯ ಕೇಳಿ ಪಡೆದು, ಯಾರ ಹೆಸರೂ ಎತ್ತದೆ, ಊರಲ್ಲಿ ಏನು ಕಂಡಿತು ಅಂತ ಊರಿನವರಿಗೇ ಹೇಳಿ ಬನ್ನಿ. ನಿಮ್ಮ ಪ್ರೊಫೆಸರನ್ನೂ ಕರೆದುಕೊಂಡು ಹೋಗಿ, ಜನ ಕೇಳುವ ಕೆಲವು ಪ್ರಶ್ನೆಗಳಿಗೆ ಅವರೇ ಬೇಕಾಗುತ್ತಾರೆ.