ಮಣಿ ಯಾಕೆ ಹಿಂದಕ್ಕೆ ಹೋಗುತ್ತದೆ?

ಹೋದ ಸಂಚಿಕೆಯಲ್ಲಿ ಕ್ರೋಶಾ ಲೇಸಿನ ಕೊರಳ ಹಾರದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೀರೆಗೆ ಕುಚ್ಚು ಹಾಕುವವರದ್ದೇ. ನಾನೂ ಅದೇ ದಾರಿಯಲ್ಲಿ ಬಂದವಳು. ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಕೂತು ಹದಿನಾರು ವರ್ಷದಿಂದ ಸೆರಗಿಗೆ ಕುಚ್ಚು ಹಾಕುತ್ತಿದ್ದೇನೆ. ಹಾರಕ್ಕೆ ಕೈ ಹಾಕಿ ಆರು ವರ್ಷ ಆಯಿತು. ಕೊಕ್ಕೆ ತುದಿಯ ಕಡ್ಡಿ ಅದೇ, ಹೆಣಿಗೆ ಅದೇ. ಆದರೆ ಸೆರಗಿನ ಕುಚ್ಚಿನ ಭಾರವನ್ನು ಸೀರೆ ಹೊರುತ್ತದೆ. ಹಾರಕ್ಕೆ ಹಾಗೆ ಹೊರುವವರು ಯಾರೂ ಇಲ್ಲ, ದಾರವೇ ಎಲ್ಲವನ್ನೂ ಹೊರಬೇಕು. ಈ ಸಲ ಬಂದ ಪ್ರಶ್ನೆಗಳೆಲ್ಲ ಹೇಗೋ ಸುತ್ತಿ ಅಲ್ಲಿಗೇ ಬರುತ್ತವೆ.

ಅಕ್ಕಾ, ಮಣಿಯನ್ನು ಮೊದಲೇ ದಾರಕ್ಕೆ ಪೋಣಿಸಿಕೊಂಡು ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಹೆಣಿಗೆ, ಹಾಕಿದೆ. ಒಂದು ಸಾಲಿನಲ್ಲಿ ಮಣಿಗಳೆಲ್ಲ ಹಿಂದಕ್ಕೆ ಹೋದವು, ಮುಂದಿನ ಸಾಲಿನಲ್ಲಿ ಮುಂದಕ್ಕೆ ಬಂದವು. ಎರಡು ಸಲ ಬಿಚ್ಚಿದೆ. ಎಲ್ಲಿ ತಪ್ಪಿದೆ?
— ಓದುಗರು, ಆಲೂರು

ನೀವು ಎಲ್ಲೂ ತಪ್ಪಿಲ್ಲ. ಪಾಪ, ಸುಮ್ನೆ ಬಿಚ್ಚಿದಿರಿ. ಹೆಣೆಯುವಾಗ ನಿಮ್ಮ ಎಡಗೈ ದಾರ ಎಲ್ಲಿರುತ್ತದೆ ನೋಡಿ. ಹೆಣಿಗೆಯ ಹಿಂದೆ, ಅಲ್ವಾ? ಮಣಿ ಇರುವುದು ಆ ದಾರದ ಮೇಲೆ. ಅದನ್ನು ಸರಿಸಿ ತಂದು ಕಡ್ಡಿಯ ಹತ್ತಿರ ನಿಲ್ಲಿಸಿ ಹೆಣಿಗೆ ಮುಗಿಸಿದರೆ, ಅದು ನಿಮಗೆ ಕಾಣದ ಬದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ತಿರುಗಿಸಿ ಹೆಣೆದಾಗ ಆ ಕಾಣದ ಬದಿ ಇನ್ನೊಂದಾಗುತ್ತದೆ. ಹಾಗಾಗಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಮಣಿ ಹಾಕಿ. ಹಾರದ ಚಂದದ ಮುಖ ನಿಮಗೆ ಬೆನ್ನು ಮಾಡಿರುವ ಸಾಲಿನಲ್ಲಿ ಮಾತ್ರ. ಚೈನಿನ, ಅಂದರೆ ಒಂದರೊಳಗೊಂದು ಎಳೆದ ಕುಣಿಕೆಗಳ ಸರಪಳಿಯ, ನಡುವೆ ಹಾಕುವ ಮಣಿಗೆ ಈ ತೊಂದರೆ ಇಲ್ಲ. ಅದು ನೇತಾಡುತ್ತದೆ, ಎರಡೂ ಕಡೆಯಿಂದ ಕಾಣುತ್ತದೆ.

ಮಣಿಗೆ ಎರಡು ಬಣ್ಣ ಬಳಸಿದರೆ ಪೋಣಿಸುವ ಕ್ರಮ ಉಲ್ಟಾ ಇರಲಿ. ಕೊನೆಗೆ ಪೋಣಿಸಿದ ಮಣಿಯೇ ಮೊದಲು ಕೈಗೆ ಬರುವುದು. ಸೂಜಿ ತೂರದ ಮಣಿಗೆ ದಾರದ ತುದಿಗೆ ಎರಡು ಇಂಚು ನೇಲ್ ಪಾಲಿಶ್ ಹಚ್ಚಿ, ಒಣಗಿಸಿ, ಓರೆಯಾಗಿ ಕತ್ತರಿಸಿ. ಆ ತುದಿಯೇ ಸೂಜಿ.

ಹಾರದ ಲೆಕ್ಕ ಪೂರ್ತಿ ಕೊಡಿ. ಎಷ್ಟು ಚೈನ್, ಎಷ್ಟು ಮಣಿ, ಎಷ್ಟು ಕುಚ್ಚು? ಕುಚ್ಚಿನ ರೇಷ್ಮೆ ದಾರದಲ್ಲೇ ಹೆಣೆಯಬಹುದಾ?
— ಓದುಗರು, ಚನ್ನರಾಯಪಟ್ಟಣ

ರೇಷ್ಮೆ ದಾರದ ಎಳೆ ಕಡ್ಡಿಗೆ ಸಿಕ್ಕಿ ಸೀಳುತ್ತದೆ. ಅದನ್ನು ಕುಚ್ಚಿಗೆ ಇಟ್ಟುಕೊಳ್ಳಿ. ಹೆಣಿಗೆಗೆ 20ನೇ ನಂಬರಿನ ಹೊಳಪಿನ ಹತ್ತಿ ದಾರ ತನ್ನಿ, ಉಂಡೆಯ ಮೇಲೆ ಮರ್ಸರೈಸ್ಡ್ ಅಂತ ಇರುತ್ತದೆ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ ಅಂತ 1844ರಲ್ಲಿ ಕಂಡುಕೊಂಡ ಜಾನ್ ಮರ್ಸರ್ ಹೆಸರೇ ಅದಕ್ಕೆ ಬಂದಿದ್ದು. ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಅದ್ದಿದರೆ ಹೊಳಪೂ ಬರುತ್ತದೆ ಅನ್ನುವುದು ಆಮೇಲೆ ತಿಳಿಯಿತು. ದಾರದ ನಂಬರ್ ಹೆಚ್ಚಾದಷ್ಟೂ ದಾರ ಸಣ್ಣ, ನೆನಪಿರಲಿ. ಕಡ್ಡಿ 1.25 ಮಿ.ಮೀ.ನದು. ಮಣಿ 3ರಿಂದ 4 ಮಿ.ಮೀ. ಇರಲಿ.

ಈ ಹಾರಕ್ಕೆ 38 ಮಣಿ ಬೇಕು. 45 ಪೋಣಿಸಿ. ಜಾಸ್ತಿ ಉಳಿದರೆ ಕೊನೆಯಲ್ಲಿ ಸುರಿದುಕೊಳ್ಳಬಹುದು, ಕಮ್ಮಿ ಬಿದ್ದರೆ ದಾರ ಕತ್ತರಿಸದೆ ವಿಧಿಯಿಲ್ಲ.

162 ಚೈನ್ ಹಾಕಿ. ಎರಡನೇ ಚೈನಿನಿಂದ ಶುರು ಮಾಡಿ ಕೊನೆಯವರೆಗೆ ಸಿಂಗಲ್ ಕ್ರೋಶಾ, ಒಟ್ಟು 161. ನನ್ನ ಕೈಗೆ ಇದು 40 ಸೆಂ.ಮೀ. ಬರುತ್ತದೆ, ಕೊರಳ ಬುಡದಲ್ಲಿ ಕೂರುವ ಅಳತೆ. ಈ ಸಾಲು ಬಿಗಿಯಾಗಿರಲಿ, ಭಾರವೆಲ್ಲ ಇದರ ಮೇಲೆ. ತಿರುಗಿಸಿ. ಒಂದು ಚೈನ್, ಮೊದಲ ಹೆಣಿಗೆಗೆ ಒಂದು ಸಿಂಗಲ್. ಈಗ ಕಮಾನು: 4 ಚೈನ್ ಹಾಕಿ, ಮಣಿ ಸರಿಸಿ ಕಡ್ಡಿಗೆ ತಾಗಿಸಿ, ಒಂದು ಚೈನಿನಿಂದ ಅದನ್ನು ಬೀಗ ಹಾಕಿ, ಮತ್ತೆ 4 ಚೈನ್. ಕೆಳಗೆ 7 ಹೆಣಿಗೆ ಬಿಟ್ಟು ಎಂಟನೆಯದಕ್ಕೆ ಸಿಂಗಲ್. ಹೀಗೆ 20 ಕಮಾನು ಬರುತ್ತದೆ. ದಾರ ಕತ್ತರಿಸಿ.

ಇನ್ನು ನಡುವಿನ ಭಾಗ. ಒಂದು ತುದಿಯಿಂದ 6 ಕಮಾನು ಬಿಡಿ, ಏಳನೆಯದರ ಬೀಗದ ಚೈನಿಗೆ ದಾರ ಕಟ್ಟಿ. ಅದೇ ಥರ ಕಮಾನು ಹಾಕುತ್ತಾ ಮುಂದಿನ ಬೀಗದ ಚೈನಿಗೆ ಸಿಂಗಲ್ ಹಾಕಿ, 7 ಕಮಾನು ಆಗುತ್ತದೆ. ಕಮಾನಿನ ಕೆಳಗೆ ಸುಮ್ನೆ ಕಡ್ಡಿ ತೂರಿಸಬೇಡಿ, ಹೆಣಿಗೆ ಜಾರಿ ಮಣಿಯ ಆಚೆ ಹೋಗಿಬಿಡುತ್ತದೆ. ತಿರುಗಿಸಿ, ಸ್ಲಿಪ್ ಸ್ಟಿಚ್‌ನಲ್ಲಿ (ಎತ್ತರ ಬಾರದ ಹೆಣಿಗೆ) ಮೊದಲ ಕಮಾನಿನ ನೆತ್ತಿಗೆ ಹತ್ತಿ, 6 ಕಮಾನು. ಇನ್ನೊಮ್ಮೆ ತಿರುಗಿಸಿ 5.

ಆ ಐದು ಕಮಾನಿಗೆ ಐದು ಕುಚ್ಚು. 5 ಸೆಂ.ಮೀ. ಅಗಲದ ರಟ್ಟಿಗೆ ದಾರವನ್ನು 40 ಸುತ್ತು ಸುತ್ತಿ, ಮೇಲೆ ಕಟ್ಟಿ, ಕೆಳಗೆ ಕತ್ತರಿಸಿ. ಒಂದು ಸೆಂ.ಮೀ. ಕೆಳಗೆ ಕತ್ತು ಬಿಗಿದು ತುದಿಯನ್ನು ಸೂಜಿಯಿಂದ ಒಳಗೆ ಎಳೆದುಬಿಡಿ. ಕುಕ್ಕರಿನ ಹಬೆಗೆ ಒಂದು ಕ್ಷಣ ಹಿಡಿದರೆ ಎಳೆಗಳು ನೆಟ್ಟಗೆ ಇಳಿಯುತ್ತವೆ. ಆಮೇಲೆ ತುದಿ ಸಮ ಮಾಡಿ, ಮೊದಲೇ ಬೇಡ. ನಡುವಿನ ಕುಚ್ಚಿಗೆ ರಟ್ಟು ಅರ್ಧ ಇಂಚು ಹೆಚ್ಚು ಅಗಲ ಇದ್ದರೆ ಚೆನ್ನ. ಹಿಂದೆ ಕಟ್ಟಲು ಎರಡೂ ತುದಿಗೆ ಚೈನಿನದೇ ದಾರ ಬಿಡಿ. ಕಬ್ಬಿಣದ ಕೊಕ್ಕೆ ಹಾಕಬೇಡಿ, ಬೆವರಿಗೆ ತುಕ್ಕು ಹಿಡಿದು ಕುತ್ತಿಗೆಗೆ ಕಲೆ ಮಾಡುತ್ತದೆ.

ನನ್ನ ಹಾರ ಎರಡೇ ಸಲ ಹಾಕುವಷ್ಟರಲ್ಲಿ ಕಿತ್ತುಹೋಯಿತು. ದಾರ ಸರಿಯಿಲ್ಲವೇ?
— ಓದುಗರು, ಹೊಳೆನರಸೀಪುರ

ದಾರಕ್ಕಿಂತ ಮೊದಲು ಮಣಿಯನ್ನು ನೋಡಿ. ನನಗೂ ಹೀಗೇ ಆಗಿತ್ತು. ತಂಗಿಯ ಮಗುವಿನ ನಾಮಕರಣಕ್ಕೆ ಅವಳಿಗೆ ಅಂತಲೇ ಹಸಿರು ದಾರ, ಬಂಗಾರದ ಬಣ್ಣದ ಲೋಹದ ಮಣಿ ಹಾಕಿ ಹಾರ ಮಾಡಿದ್ದೆ. ಮಗುವನ್ನು ತೊಟ್ಟಿಲಿಗೆ ಹಾಕಲು ಬಗ್ಗಿದಳು. ಹಾರ ತುಂಡಾಯಿತು. ಮಣಿಗಳು ತೊಟ್ಟಿಲಿನೊಳಗೇ ಬಿದ್ದವು. ಮಗುವನ್ನು ಎತ್ತಿ, ಬಟ್ಟೆಯ ಮಡಿಕೆ ಮಡಿಕೆಯನ್ನೂ ಕೊಡವಿ ಹುಡುಕಿದೆವು. ಆ ದಿನದ ನನ್ನ ಸಂಕಟ ಇವತ್ತಿಗೂ ಹೋಗಿಲ್ಲ.

ರಾತ್ರಿ ಮನೆಗೆ ಬಂದು ದೀಪದ ಕೆಳಗೆ ಮಣಿ ಹಿಡಿದು ನೋಡಿದೆ. ತೂತಿನ ಅಂಚು ಬ್ಲೇಡಿನ ಹಾಗಿತ್ತು, ಉಗುರಿಗೆ ತಾಗಿಸಿದರೆ ಹೆರೆಯುತ್ತಿತ್ತು. ಕುಚ್ಚು ಆಡಿದಾಗಲೆಲ್ಲ ಅದು ದಾರವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬಂದಿದೆ. ಸೀರೆಯಲ್ಲಿ ಅದೇ ಮಣಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ಅಲ್ಲಿ ಎಳೆತ ಕಮ್ಮಿ. ಅವತ್ತಿನಿಂದ ಪ್ರತಿ ಮಣಿಯನ್ನೂ ಬೇರೆ ದಾರದ ತುಂಡಿನ ಮೇಲೆ ಹತ್ತು ಸಲ ಆಚೆ ಈಚೆ ಎಳೆಯುತ್ತೇನೆ. ದಾರ ಜುಂಗು ಎದ್ದರೆ ಆ ಮಣಿ ಬೇಡ. ಗಾಜಿನ ಮಣಿಯಾದರೂ ಸರಿ, ಈ ಪರೀಕ್ಷೆ ಬಿಡಬೇಡಿ. ಚನ್ನಪಟ್ಟಣದ ಅರಗಿನ ಮರದ ಮಣಿ ನನಗೆ ತುಂಬಾ ಇಷ್ಟ. ಹಗುರ, ತೂತು ದೊಡ್ಡದು, ಅಂಚು ನುಣುಪು. ಆದರೆ ನೀರಿನಲ್ಲಿ ನೆನೆಸಬೇಡಿ. ಎಳೆ ಮಕ್ಕಳಿರುವ ಮನೆಯಲ್ಲಿ ಯಾವ ಮಣಿ ಹಾರವೂ ಮಗುವಿನ ಕೈಗೆ ಸಿಗಬಾರದು.

ವಿಡಿಯೋ ನೋಡಿ ಸಿಂಗಲ್, ಡಬಲ್ ಹಾಕಿದೆ. ಅವರದ್ದಕ್ಕಿಂತ ನನ್ನದು ಎತ್ತರ ಬಂತು.
— ಓದುಗರು, ಕಡೂರು

ವಿಡಿಯೋದವರು ಇಂಗ್ಲೆಂಡಿನ ಲೆಕ್ಕ ಹೇಳಿರಬೇಕು. ಅಮೆರಿಕದವರ ಸಿಂಗಲ್ಲನ್ನು ಅಲ್ಲಿ ಡಬಲ್ ಅನ್ನುತ್ತಾರೆ, ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ಹೆಸರು ಬಿಡಿ, ಕಡ್ಡಿಗೆ ದಾರ ಎಷ್ಟು ಸಲ ಸುತ್ತುತ್ತಾರೆ ಅದನ್ನು ನೋಡಿ. ನಾನು ಬರೆಯುವುದು ಅಮೆರಿಕದ ಲೆಕ್ಕ, ನಮ್ಮ ಕುಚ್ಚಿನ ಕ್ಲಾಸಿನಲ್ಲಿ ಕಲಿತದ್ದೂ ಅದೇ.

ಲೇಸು ಗರಿಗರಿಯಾಗಿ ನಿಲ್ಲಲಿ ಅಂತ ಗಂಜಿ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪು ಚುಕ್ಕೆ ಬಂದಿದೆ.
— ಓದುಗರು, ಸಕಲೇಶಪುರ

ನಿಮ್ಮ ಊರಿನ ಮಳೆಗೆ ಅನ್ನದ ಗಂಜಿ ಆಗುವುದಿಲ್ಲ. ಬೂಷ್ಟಿಗೆ ಅದು ಊಟ, ಹುಳಕ್ಕೂ ಊಟ. ಒಂದು ಚಮಚ ಬಿಳಿ ಫೆವಿಕಾಲ್‌ಗೆ ಮೂರು ಚಮಚ ನೀರು ಬೆರೆಸಿ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ದಿಂಬಿನ ಮೇಲೆ ಗುಂಡುಪಿನ್ ಚುಚ್ಚಿ ಆಕಾರಕ್ಕೆ ಎಳೆದು ಒಣಗಿಸಿ. ಕುಚ್ಚಿಗೆ ತಾಗಬಾರದು. ದಿಂಬಿಗೆ ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿ. ಆದರೆ ಹಾರವನ್ನು ಎತ್ತಿಡುವುದು ಮಾತ್ರ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡವೇ ಬೇಡ.

ಎಲ್ಲರೂ ಒಂದೇ ಥರ ಮಾಡುತ್ತಾರೆ. ಹೊಸ ವಿನ್ಯಾಸ ಎಲ್ಲಿ ಹುಡುಕಲಿ?
— ಓದುಗರು, ಬೇಲೂರು

ನೀವು ಬೇಲೂರಿನಲ್ಲಿ ಕೂತು ಹೀಗೆ ಕೇಳುತ್ತೀರಲ್ಲ! ಚೆನ್ನಕೇಶವ ಗುಡಿಗೆ ಹೋಗಿ, ಸೂರಿನ ಕೆಳಗಿನ ಮದನಿಕೆಯರ ಕೊರಳು ನೋಡಿ. 1117ರಲ್ಲಿ ಆದ ಗುಡಿ, ಆದರೆ ಬಳಪದ ಕಲ್ಲಿನಲ್ಲಿ ಒಂದೊಂದು ಮಣಿಯೂ ಇನ್ನೂ ಬಿಡಿಬಿಡಿಯಾಗಿ ಕಾಣುತ್ತದೆ. ನಾನು ಒಂದು ಮಧ್ಯಾಹ್ನವಿಡೀ ಕುತ್ತಿಗೆ ಎತ್ತಿ ನಿಂತು, ಚೌಕದ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಕೊರಳಿಗೆ ಅಂಟಿದ ಒಂದು ಪಟ್ಟಿ, ಅದರ ಕೆಳಗೆ ಇಳಿಬಿದ್ದ ಸರ. ಮೇಲಿನ ಕಮಾನು ಅನುಕರಿಸಿದ್ದು ಅಲ್ಲಿಂದಲೇ.

ನನಗೆ 68 ವರ್ಷ. 20ನೇ ನಂಬರಿನ ದಾರ ಕಣ್ಣಿಗೆ ಕಾಣುವುದಿಲ್ಲ. ಮೊಮ್ಮಗಳಿಗೆ ಮಾಡಿಕೊಡುವ ಆಸೆ.
— ಓದುಗರು, ಅರಸೀಕೆರೆ

ಖಂಡಿತ ಮಾಡಿ ಅಮ್ಮ. 10ನೇ ನಂಬರಿನ ದಾರ, 1.75ರ ಕಡ್ಡಿ, 4 ಮಿ.ಮೀ. ಮಣಿ ತೆಗೆದುಕೊಳ್ಳಿ. ಬಣ್ಣ ತಿಳಿಯಾಗಿರಲಿ, ಗಾಢ ಬೇಡ. ಕಪ್ಪು ದಾರದಲ್ಲಿ ನಮಗೇ ಹೆಣಿಗೆ ಕಾಣುವುದಿಲ್ಲ. ದಾರ ದಪ್ಪವಾದ್ದರಿಂದ 162ರ ಬದಲು 130 ಚೈನ್ ಸಾಕು, 16 ಕಮಾನು ಬರುತ್ತದೆ, ನಡುಭಾಗಕ್ಕೆ ಎರಡೂ ಕಡೆ ನಾಲ್ಕು ನಾಲ್ಕು ಬಿಡಿ. 34 ಮಣಿ ಸಾಕಾಗುತ್ತದೆ. ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಂಡು ಬೆಳಗಿನ ಬೆಳಕಿನಲ್ಲಿ ಕೂರಿ. ದಿನಕ್ಕೆ ಎರಡು ಕಮಾನು ಆದರೂ ಸಾಕು.